ಕಪ್ಪು ಸೂಜಿಗಳ ಕಾಲ

ಎರಡು ಗಾಜಿನ ಪಾತ್ರೆಗಳಲ್ಲಿ ಬಿಸಿ ಅಸಿಟೋನೈಟ್ರೈಲ್. ಒಂದರಲ್ಲಿ ಟಿಟಿಎಫ್ ಎಂಬ ಕಿತ್ತಳೆ ಹಳದಿಯ ಹರಳು ಕರಗಿದೆ. ಇನ್ನೊಂದರಲ್ಲಿ ಟಿಸಿಎನ್‌ಕ್ಯೂ; ಅದೂ ಹೆಚ್ಚುಕಡಿಮೆ ಅದೇ ಬಣ್ಣ, ತುಸು ತುಕ್ಕಿನ ಛಾಯೆ. ಎರಡನ್ನೂ ಬೆರೆಸಿದರೆ ಅರಿಶಿನದ ನೀರಿಗೆ ಮಸಿ ಚೆಲ್ಲಿದ ಹಾಗೆ ದ್ರಾವಣ ಒಮ್ಮೆಲೇ ಕಪ್ಪಾಗುತ್ತದೆ. ತಣಿಯಲು ಬಿಟ್ಟು ಬಂದು ನೋಡಿದರೆ ತಳದಲ್ಲಿ ಕಪ್ಪು ಸೂಜಿಗಳು. ಕೆಲವು ಮಿಲಿಮೀಟರ್ ಉದ್ದ, ಕೂದಲಿನ ದಪ್ಪ, ಬೆಳಕಿಗೆ ಹಿಡಿದರೆ ಮಿನುಗು. ಚಿಮಟದಲ್ಲಿ ಸ್ವಲ್ಪ ಬಿಗಿಯಾಗಿ ಹಿಡಿದರೂ ಮುರಿದು ಹೋಗುವಷ್ಟು ನಾಜೂಕು.

ಈ ಸೂಜಿಯಲ್ಲಿ ಇರುವುದು ಇಂಗಾಲ, ಜಲಜನಕ, ಗಂಧಕ, ಸಾರಜನಕ, ಅಷ್ಟೆ. ಹುಡುಕಿದರೂ ಒಂದು ಲೋಹದ ಪರಮಾಣು ಸಿಗುವುದಿಲ್ಲ. ಬೆರೆಸುವ ಮುಂಚೆ ಎರಡೂ ಪುಡಿಗಳು ವಿದ್ಯುತ್ತಿಗೆ ಬಾಗಿಲು ಮುಚ್ಚಿದ ಅವಾಹಕಗಳೇ. ಬೆರೆತ ಮೇಲೆ ಹುಟ್ಟಿದ ಸೂಜಿ ಮಾತ್ರ ಲೋಹದ ತಂತಿಯಂತೆ ವಿದ್ಯುತ್ತನ್ನು ಹರಿಸುತ್ತದೆ. ಒಂದು ಹಂತದವರೆಗೆ, ತಂಪಾದಷ್ಟೂ ಇನ್ನೂ ಸಲೀಸಾಗಿ ಹರಿಸುತ್ತದೆ. ಸಾವಯವ ಎಂದರೆ ಬೆಲ್ಲ, ಅಕ್ಕಿ, ಜೀವಾಮೃತ ನೆನಪಾಗುವ ಈ ದಿನಗಳಲ್ಲಿ ‘ಸಾವಯವ ಲೋಹ’ ಎಂಬ ಮಾತು ವಿಚಿತ್ರವಾಗಿ ಕೇಳಬಹುದು. ರಸಾಯನ ವಿಜ್ಞಾನದಲ್ಲಿ ಆ ಪದಕ್ಕೆ ಇಂಗಾಲದ ಸಂಯುಕ್ತ ಎಂದಷ್ಟೇ ಅರ್ಥ. ಸೀಮೆಎಣ್ಣೆ, ಪ್ಲಾಸ್ಟಿಕ್, ಬಟ್ಟೆಯ ಬಣ್ಣ ಎಲ್ಲವೂ ಅಲ್ಲಿ ಸಾವಯವವೇ. ವಿದ್ಯುತ್ ತಂತಿಗೆ ಹೊದಿಸುವ ಪದಾರ್ಥ ಅದು. ತಂತಿಯೇ ಆಗುವ ಪದಾರ್ಥ ಅಲ್ಲ ಎಂದು ಎಲ್ಲರೂ ನಂಬಿದ್ದ ಕಾಲವೊಂದಿತ್ತು.

1973ರ ಮಾರ್ಚ್‌ನಲ್ಲಿ ಆ ನಂಬಿಕೆ ಅಲುಗಾಡಿತು. ಸ್ಯಾನ್ ಡಿಯಾಗೋದಲ್ಲಿ ಅಮೆರಿಕನ್ ಫಿಸಿಕಲ್ ಸೊಸೈಟಿಯ ಸಭೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಲನ್ ಹೀಗರ್ ಮತ್ತು ಆಂಥನಿ ಗರಿಟೋ ಅವರ ಗುಂಪು ಟಿಟಿಎಫ್–ಟಿಸಿಎನ್‌ಕ್ಯೂ ಸೂಜಿಗಳ ಅಳತೆಯನ್ನು ಮುಂದಿಟ್ಟಿತು. 60 ಕೆಲ್ವಿನ್ ಹತ್ತಿರ, ಅಂದರೆ ಸೊನ್ನೆಗಿಂತ 213 ಡಿಗ್ರಿ ಸೆಲ್ಸಿಯಸ್ ಕೆಳಗೆ, ಕೆಲವು ಹರಳುಗಳ ವಾಹಕತೆ ಆಕಾಶಕ್ಕೆ ಚಿಮ್ಮಿತ್ತು. ಕೋಣೆಯ ಉಷ್ಣತೆಯ ತಾಮ್ರವನ್ನೂ ಮೀರಿಸುವಷ್ಟು. ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಅತಿವಾಹಕತೆ ಹೊಸ್ತಿಲಲ್ಲಿ ನಿಂತು ಇಣುಕುತ್ತಿದೆ ಎಂದು ಅವರು ವಿವರಿಸಿದರು. ಆಗ ಗೊತ್ತಿದ್ದ ಅತಿವಾಹಕಗಳೆಲ್ಲ 21 ಕೆಲ್ವಿನ್‌ನ ಆಸುಪಾಸಿಗೇ ಸುಸ್ತಾಗುತ್ತಿದ್ದವು. ಹಾಗಿರುವಾಗ 60 ಎಂದರೆ ಯಾರಿಗೆ ತಾನೇ ಕಿವಿ ನಿಮಿರುವುದಿಲ್ಲ?

ಕಿವಿ ನಿಮಿರಲು ಇನ್ನೊಂದು ಕಾರಣವೂ ಇತ್ತು. ಒಂಬತ್ತು ವರ್ಷದಿಂದ ಈ ರಂಗದವರೆಲ್ಲ ಇಂಥದೇ ಸುದ್ದಿಗೆ ಕಾದು ಕೂತಿದ್ದರು. ಕಾಯುವಂತೆ ಮಾಡಿದ್ದು ಸ್ಟ್ಯಾನ್‌ಫರ್ಡ್‌ನ ವಿಲಿಯಂ ಲಿಟಲ್ ಬರೆದ ಒಂದು ಲೇಖನ.

*

ಅದಕ್ಕೂ ಹಿಂದಿನದನ್ನು ಒಂದೆರಡು ಮಾತಿನಲ್ಲಿ ಮುಗಿಸಬಹುದು. 1911ರಲ್ಲಿ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು 4.2 ಕೆಲ್ವಿನ್‌ಗೆ ತಣಿಸಿದಾಗ ಅದರ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಅತಿವಾಹಕತೆ ಮನುಷ್ಯನ ಕಣ್ಣಿಗೆ ಬಿದ್ದದ್ದು ಹಾಗೆ. ಅದೇ 1911ರಲ್ಲಿ, ಅದೇ ಪಾದರಸದ ಜತೆಗೆ, ಅಮೆರಿಕದ ಮೆಕಾಯ್ ಮತ್ತು ಮೂರ್ ಎಂಬ ರಸಾಯನ ವಿಜ್ಞಾನಿಗಳು ಬೇರೆಯೇ ಆಟ ಆಡುತ್ತಿದ್ದರು. ಲೋಹವಲ್ಲದ ಧಾತುಗಳೇ ಸೇರಿದ ಒಂದು ಸಾವಯವ ಗುಂಪನ್ನು ಪಾದರಸದೊಂದಿಗೆ ಕೂಡಿಸಿ, ಲೋಹದಂತೆ ವರ್ತಿಸುವ ಮಿಶ್ರಣ ಮಾಡಿದ ಅವರು, ಲೋಹದ ಗುಣವುಳ್ಳ ಪದಾರ್ಥಗಳನ್ನು ಅಲೋಹಗಳಿಂದಲೂ ಕಟ್ಟಬಹುದು ಎಂದು ಬರೆದಿಟ್ಟರು. ಒಂದೇ ವರ್ಷ ಹುಟ್ಟಿದ ಈ ಎರಡು ಎಳೆಗಳು ಒಂದನ್ನೊಂದು ಕೂಡಲು 68 ವರ್ಷ ಬೇಕಾಯಿತು.

ನಡುವೆ ಜಪಾನ್ ಬರುತ್ತದೆ. ಅಕಮಾಟು ಮತ್ತು ಇನೊಕುಚಿ ಅವರು ಇದ್ದಿಲಿನ ಸೋದರಸಂಬಂಧಿಗಳಂಥ ಬಣ್ಣದ ಪುಡಿಗಳನ್ನು ಒತ್ತಿ ವಾಹಕತೆ ಅಳೆಯುತ್ತಿದ್ದರು. 1954ರಲ್ಲಿ ಮತ್ಸುನಾಗ ಅವರೊಡನೆ ಪೆರಿಲೀನ್ ಎಂಬ ಸಂಯುಕ್ತಕ್ಕೆ ಬ್ರೋಮಿನ್ ಉಣಿಸಿ ನೋಡಿದಾಗ ಅದು ಯಾವ ಸಾವಯವ ಪದಾರ್ಥವೂ ಆವರೆಗೆ ಹರಿಸದಷ್ಟು ವಿದ್ಯುತ್ತನ್ನು ಹರಿಸಿತು. ಬ್ರೋಮಿನ್ ಮಾತ್ರ ಕೊಟ್ಟ ಮನೆಯನ್ನೇ ತಿನ್ನುವ ಅತಿಥಿ. ಸಂಯುಕ್ತ ಹೆಚ್ಚು ದಿನ ಬಾಳಲಿಲ್ಲ. ಬ್ರೋಮಿನ್‌ನಂತೆ ಎಲೆಕ್ಟ್ರಾನ್ ಇಸಿದುಕೊಂಡೂ ಬಾಳುವಂಥ ಅಣುವನ್ನು 1960ರ ಹೊತ್ತಿಗೆ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿಗಳು ತಯಾರಿಸಿದರು. ಅದೇ ಟಿಸಿಎನ್‌ಕ್ಯೂ.

ಇನ್ನು ಲಿಟಲ್. 1964ರ ಅವರ ಲೇಖನ ಒಂದು ಸರಳ ಪ್ರಶ್ನೆಯಿಂದ ಹುಟ್ಟಿತು. ಸಾಧಾರಣ ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗುವುದು ಹೇಗೆ? ಒಂದು ಎಲೆಕ್ಟ್ರಾನ್ ಹಾದುಹೋಗುವಾಗ ಸುತ್ತಲಿನ ಧನ ಅಯಾನುಗಳು ಅದರತ್ತ ತುಸು ವಾಲುತ್ತವೆ. ಹಳೆಯ ಹತ್ತಿ ಹಾಸಿಗೆಯಲ್ಲಿ ಒಬ್ಬ ಮಲಗೆದ್ದ ಕುಳಿಗೆ ಪಕ್ಕದವನು ಜಾರುವ ಹಾಗೆ, ಹಿಂದೆ ಬರುವ ಎಲೆಕ್ಟ್ರಾನ್ ಆ ಕುಳಿಗೆ ಜಾರುತ್ತದೆ. ಅಯಾನುಗಳೋ ಭಾರಿ ತೂಕದವು, ಮೈ ಅಲುಗಿಸಲು ನಿಧಾನ. ಆದ್ದರಿಂದಲೇ ಈ ಜೋಡಿ ಕಟ್ಟುವ ಕೆಲಸ ಕಡುಚಳಿಯಲ್ಲಿ ಮಾತ್ರ ಸಾಧ್ಯ. ಹಾಸಿಗೆಯನ್ನೇ ಎಲೆಕ್ಟ್ರಾನ್‌ನಷ್ಟು ಹಗುರವಾದ ಹತ್ತಿಯಿಂದ ತುಂಬಿದರೆ? ಒಂದು ಉದ್ದ ಇಂಗಾಲದ ಸರಪಳಿ, ಅದರ ಎರಡೂ ಪಕ್ಕಕ್ಕೆ ಸುಲಭವಾಗಿ ಧ್ರುವೀಕರಣವಾಗುವ ಬಣ್ಣದ ಅಣುಗಳ ರೆಂಬೆ. ಬೆನ್ನೆಲುಬಿನಲ್ಲಿ ಎಲೆಕ್ಟ್ರಾನ್ ಓಡಿದರೆ ರೆಂಬೆಯಲ್ಲಿರುವ ಎಲೆಕ್ಟ್ರಾನ್‌ಗಳು ತಕ್ಷಣ ವಾಲಬೇಕು. ತೂಕದ ಅನುಪಾತದ ವರ್ಗಮೂಲ ಹಾಕಿದರೆ ಜೋಡಿ ಉಳಿಯುವ ಉಷ್ಣತೆ ನೂರಾರು ಪಟ್ಟು ಏರುತ್ತದೆ. ಕೋಣೆಯ ಉಷ್ಣತೆ ದಾಟಿ ಬಹು ದೂರ. ಮರುವರ್ಷ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅವರೇ ಇದನ್ನು ಜನರಿಗೆ ತಿಳಿಯುವಂತೆ ಬರೆದರು.

ಲಿಟಲ್ ಚಿತ್ರಿಸಿದ ಅಣುವಿನಿಂದ ಇಂದಿನವರೆಗೂ ಅತಿವಾಹಕ ಹುಟ್ಟಿಲ್ಲ. ಒಂದೇ ಆಯಾಮದ ಎಳೆಯಲ್ಲಿ ಅತಿವಾಹಕತೆ ನೆಲೆ ನಿಲ್ಲದು ಎಂದು ಭೌತವಿಜ್ಞಾನಿಗಳು ಕೂಡಲೇ ತಕರಾರು ತೆಗೆದರು. ಇಂಥ ಅಣುವನ್ನು ಕಟ್ಟುವುದು ಹೇಗೆಂದು ರಸಾಯನ ವಿಜ್ಞಾನಿಗಳು ತಲೆ ಕೆರೆದುಕೊಂಡರು. ಆದರೂ ಆ ಲೇಖನ ಬಾರದೆ ಹೋಗಿದ್ದರೆ ಮುಂದೆ ಹೇಳಲಿರುವ ಯಾವುದೂ ನಡೆಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಊರ ದಾರಿ ತಪ್ಪಾಗಿ ಹೇಳಿದವನ ಮಾತು ಕೇಳಿ ಹೊರಟ ಜನ ಇನ್ನೊಂದು ಒಳ್ಳೆಯ ಊರು ಸೇರಿದ ಹಾಗೆ ಇದು.

*

ಫ್ರೆಡ್ ವೂಡ್ಲ್ ಹುಟ್ಟಿದ್ದು ಬೊಲಿವಿಯಾದ ಕೊಚಬಂಬದಲ್ಲಿ, 1941ರಲ್ಲಿ. ಲಾಸ್ ಏಂಜಲಿಸ್‌ನಲ್ಲಿ ಡೊನಾಲ್ಡ್ ಕ್ರಾಮ್ ಅವರ ಬಳಿ ಡಾಕ್ಟರೇಟ್, ಆಮೇಲೆ ಹಾರ್ವರ್ಡ್‌ನಲ್ಲಿ ರಾಬರ್ಟ್ ವುಡ್‌ವರ್ಡ್ ಅವರ ಬಳಿ ಸಂಶೋಧನೆ. ಕಷ್ಟದ ಅಣುಗಳನ್ನು ಕಟ್ಟುವುದರಲ್ಲಿ ಆ ಶತಮಾನದ ದೊಡ್ಡ ಹೆಸರುಗಳು ಇವು. ಇಬ್ಬರೂ ನೊಬೆಲ್ ಪಡೆದವರು. ಅಂಥ ಗರಡಿಯಲ್ಲಿ ಪಳಗಿದ ಸಾವಯವ ರಸಾಯನ ವಿಜ್ಞಾನಿ ಬಫಲೋದ ವಿಶ್ವವಿದ್ಯಾಲಯ ಸೇರಿ, ಔಷಧವನ್ನೋ ವಿಟಮಿನ್ನನ್ನೋ ಕಟ್ಟುವ ಬದಲು ವಿದ್ಯುತ್ತಿನ ಕಡೆ ಹೊರಳಿದರು. 1970ರಲ್ಲಿ ಅವರ ಗುಂಪು ಟಿಟಿಎಫ್ ಕುರಿತ ಮೊದಲ ಲೇಖನ ಪ್ರಕಟಿಸಿತು. ಅದೇ ಹೊತ್ತಿಗೆ ಬೇರೆ ಒಂದೆರಡು ಗುಂಪುಗಳೂ ಆ ಅಣುವಿನ ಬಾಗಿಲು ತಟ್ಟುತ್ತಿದ್ದವು. ಅದರ ಲವಣಕ್ಕೆ ತಂತಿ ಚುಚ್ಚಿ ವಿದ್ಯುತ್ ಹರಿಯುವುದನ್ನು ತೋರಿಸಿದ್ದು ವೂಡ್ಲ್.

ಟಿಟಿಎಫ್ ಚಿತ್ರ ಬರೆಯುವುದು ಸುಲಭ. ಐದೈದು ಮೂಲೆಯ ಎರಡು ಉಂಗುರ, ನಡುವೆ ಜೋಡಿಬಂಧದ ಸೇತುವೆ, ಒಟ್ಟು ನಾಲ್ಕು ಗಂಧಕ. ಅಣು ಚಪ್ಪಟೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಅದರ ಉಂಗುರ ಬೆನ್ಜೀನಿನಂಥ ನೆಮ್ಮದಿಯ ಸ್ಥಿತಿಗೆ ಬರುತ್ತದೆ. ಕೊಟ್ಟು ಕೆಟ್ಟವರಿಲ್ಲ ಎನ್ನುತ್ತಾರಲ್ಲ, ಅಂಥ ಸ್ವಭಾವ. ಟಿಸಿಎನ್‌ಕ್ಯೂ ಇದಕ್ಕೆ ತದ್ವಿರುದ್ಧ, ಇಸಿದುಕೊಂಡರೆ ನೆಮ್ಮದಿ. ಈ ಕೊಡುಗೈಯನ್ನೂ ಆ ಇಸುಗೈಯನ್ನೂ ಎದುರುಬದುರು ಕೂಡಿಸಬೇಕೆಂಬ ಯೋಚನೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡ್ವೇನ್ ಕೋವನ್, ಜಾನ್ ಫೆರಾರಿಸ್ ಮತ್ತು ಜತೆಗಾರರಿಗೂ ಬಂತು, ಪೆನ್ಸಿಲ್ವೇನಿಯಾದವರಿಗೂ ಬಂತು. 1973ರಲ್ಲಿ ಎರಡೂ ಗುಂಪುಗಳು ಬೇರೆ ಬೇರೆಯಾಗಿ ಪ್ರಕಟಿಸಿದವು.

ಹರಳಿನೊಳಗೆ ಅಣುಗಳು ಹಪ್ಪಳದ ಅಡಕಿಲಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಟಿಟಿಎಫ್‌ನದೇ ಒಂದು ಅಡಕಿಲು, ಪಕ್ಕದಲ್ಲಿ ಟಿಸಿಎನ್‌ಕ್ಯೂನದೇ ಇನ್ನೊಂದು. ಪ್ರತಿ ಟಿಟಿಎಫ್ ಸರಾಸರಿ 0.59 ಎಲೆಕ್ಟ್ರಾನ್ ಕೊಟ್ಟಿರುತ್ತದೆ. ಈ ಅರೆಬರೆ ಕೊಡುಕೊಳ್ಳುವಿಕೆಯಲ್ಲೇ ಗುಟ್ಟಿರುವುದು. ಪೂರಾ ಒಂದು ಕೊಟ್ಟಿದ್ದರೆ ಪ್ರತಿ ಕುರ್ಚಿಯೂ ಭರ್ತಿಯಾಗಿ ಯಾರೂ ಮಿಸುಕುವಂತಿರಲಿಲ್ಲ. ಈಗ ಅಡಕಿಲಿನ ಉದ್ದಕ್ಕೂ ಎಲೆಕ್ಟ್ರಾನ್ ಕುರ್ಚಿಯಿಂದ ಕುರ್ಚಿಗೆ ಹಾರಬಹುದು. ಉದ್ದಕ್ಕೆ ಹೋಗುವಷ್ಟು ಸುಲಭವಾಗಿ ಅಡ್ಡಕ್ಕೆ ಹೋಗಲಾಗದು. ಎರಡರ ನಡುವೆ ನೂರಾರು ಪಟ್ಟು ವ್ಯತ್ಯಾಸ. ಈ ಮಾತು ಸ್ವಲ್ಪ ನೆನಪಿನಲ್ಲಿರಲಿ.

*

ಹರಳಿನ ರೋಧ ಅಳೆಯುವುದು ಹೀಗೆ. ಸೂಕ್ಷ್ಮದರ್ಶಕದ ಕೆಳಗೆ ಸೂಜಿಯನ್ನು ಮಲಗಿಸಿ, ಕೂದಲಿಗಿಂತ ತೆಳುವಾದ ನಾಲ್ಕು ಚಿನ್ನದ ತಂತಿಗಳನ್ನು ಬೆಳ್ಳಿಯ ಲೇಪದ ಒಂದೊಂದು ಚುಕ್ಕೆಯಲ್ಲಿ ಅಂಟಿಸುತ್ತಾರೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಕೈ ನಡುಗಿದರೆ ಹರಳು ಎರಡು ತುಂಡು. ಹೊರಗಿನ ಎರಡು ತಂತಿಗಳಿಂದ ವಿದ್ಯುತ್ ಹಾಯಿಸುವುದು, ಒಳಗಿನ ಎರಡರಿಂದ ವೋಲ್ಟೇಜು ಓದುವುದು. ವೋಲ್ಟೇಜು ಕಡಿಮೆ ಬಂದರೆ ರೋಧ ಕಡಿಮೆ ಎಂದು ಲೆಕ್ಕ. ತಾಮ್ರದ ಚೂರಿಗೆ ಈ ಲೆಕ್ಕ ಚೆನ್ನಾಗಿ ಒಪ್ಪುತ್ತದೆ.

ಟಿಟಿಎಫ್–ಟಿಸಿಎನ್‌ಕ್ಯೂ ತಾಮ್ರವಲ್ಲ. ತೋಟದಲ್ಲಿ ಎತ್ತರದ ಬದುಗಳ ನಡುವೆ ಉದ್ದುದ್ದಕ್ಕೆ ಹತ್ತು ಕಾಲುವೆಗಳಿವೆ ಅಂದುಕೊಳ್ಳಿ. ನೀರು ಬಿಟ್ಟದ್ದು ಏಳನೆಯ ಕಾಲುವೆಗೆ. ನಾವು ಮೊದಲ ಕಾಲುವೆಯ ದಂಡೆಯಲ್ಲಿ ಕೋಲು ಹಿಡಿದು ಕೂತಿದ್ದೇವೆ. ನೀರಿನ ಸೆಳೆತವೇ ಇಲ್ಲವಲ್ಲ ಎಂದು ಬೆರಗಾದರೆ ತಪ್ಪು ನೀರಿನದಲ್ಲ. ಹೊರಗಿನ ತಂತಿಯ ಚುಕ್ಕೆ ಸೂಜಿಯ ತುದಿಯನ್ನು ಪೂರ್ತಿ ಮುಚ್ಚದೆ ಒಂದು ಪಕ್ಕಕ್ಕೆ ಸರಿದಿದ್ದರೆ, ವಿದ್ಯುತ್ ತಾನು ಹೊಕ್ಕ ಅಡಕಿಲುಗಳಲ್ಲೇ ಹರಿದು ಹೋಗುತ್ತದೆ. ವೋಲ್ಟೇಜಿನ ತಂತಿಗಳು ಕೂತ ಕಡೆ ಏನೂ ಕಾಣುವುದಿಲ್ಲ. ಹರಳು ತಣಿದಷ್ಟೂ ಉದ್ದಕ್ಕೂ ಅಡ್ಡಕ್ಕೂ ಇರುವ ವ್ಯತ್ಯಾಸ ಹೆಚ್ಚುತ್ತದೆ, ಮೋಸವೂ ಹೆಚ್ಚುತ್ತದೆ. ಕೊನೆಗೆ ಗ್ರಾಫ್ ಹಾಳೆಯ ಮೇಲೆ ಬೆಟ್ಟ ಎದ್ದು ನಿಲ್ಲುತ್ತದೆ.

1974ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ ಲೇಖನದಲ್ಲಿ ಐದು ಹೆಸರುಗಳಿದ್ದವು. ಅವುಗಳಲ್ಲಿ ಒಂದು, ಟಿಟಿಎಫ್ ಕಟ್ಟಿದ ವೂಡ್ಲ್ ಅವರದೇ. ಅಷ್ಟರಲ್ಲಿ ಅವರು ಬೆಲ್ ಲ್ಯಾಬ್ಸ್ ಸೇರಿದ್ದರು. ಹಾಪ್ಕಿನ್ಸ್‌ನ ಫೆರಾರಿಸ್ ಮತ್ತು ಕೋವನ್ ಕೂಡ ಇದ್ದರು. ತಮ್ಮ ಕೈಯಾರೆ ಹುಟ್ಟಿಸಿದ ಪದಾರ್ಥಕ್ಕೆ ಜಗತ್ತೇ ಹಾರ ಹಾಕುತ್ತಿರುವಾಗ, ಹಾರ ತೆಗೆಯಿರಿ, ಅಳತೆ ತಪ್ಪಿದೆ ಎಂದವರು ಅದನ್ನು ಕಟ್ಟಿದವರೇ. ಈ ಇಡೀ ಇತಿಹಾಸದಲ್ಲಿ ನನಗೆ ಬಹಳ ಹಿಡಿಸುವ ಗಳಿಗೆ ಇದು. ಪೆನ್ಸಿಲ್ವೇನಿಯಾದವರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಅವರ ಹರಳುಗಳಲ್ಲೂ ಆ ಭಾರಿ ಏರಿಕೆ ಕಂಡದ್ದು ಬೆರಳೆಣಿಕೆಯಷ್ಟರಲ್ಲಿ ಮಾತ್ರ ಎಂಬುದು ಅವರ ವಾದಕ್ಕೆ ಕಲ್ಲಾಯಿತು. ಎರಡು ವರ್ಷದಲ್ಲಿ ಬೇರೆ ಬೇರೆ ಪ್ರಯೋಗಾಲಯಗಳ ಅಳತೆಗಳು ಒಂದೆಡೆ ಸೇರಿ ಚಿತ್ರ ತಿಳಿಯಾಯಿತು. ಕೋಣೆಯ ಉಷ್ಣತೆಯಿಂದ 60 ಕೆಲ್ವಿನ್‌ಗೆ ಇಳಿಯುವಾಗ ವಾಹಕತೆ ಹತ್ತಿಪ್ಪತ್ತು ಪಟ್ಟು ಏರುವುದು ನಿಜ. ನೂರಾರು ಪಟ್ಟು ಎಂಬುದು ಚುಕ್ಕೆಗಳ ಆಟ.

60ರ ಕೆಳಗೆ ಏನಾಗುತ್ತದೆ ಎಂಬುದು ಇನ್ನಷ್ಟು ನಿರಾಸೆಯ ಸಂಗತಿ. 54 ಕೆಲ್ವಿನ್ ಹತ್ತಿರ ಲೋಹದಂತಿದ್ದ ಹರಳು ಮುನಿಸಿಕೊಳ್ಳತೊಡಗುತ್ತದೆ. ಇನ್ನೂ ಕೆಳಗೆ ಹೋದರೆ ಪೂರಾ ಅವಾಹಕ. ರುಡಾಲ್ಫ್ ಪಯರ್ಲ್ಸ್ ಎಂಬ ಭೌತವಿಜ್ಞಾನಿ ಇದನ್ನು ಬಹಳ ಮೊದಲೇ ಹೇಳಿದ್ದರು. ಶಾಲೆಯ ಪ್ರಾರ್ಥನೆಗೆ ಸಮ ಅಂತರದಲ್ಲಿ ಸಾಲಾಗಿ ನಿಂತ ಮಕ್ಕಳು ಚಳಿ ಏರಿದಂತೆ ಅಕ್ಕಪಕ್ಕದವರನ್ನು ಒತ್ತಿಕೊಂಡು ಗುಂಪಾಗುತ್ತಾರೆ. ಸಾಲಿನಲ್ಲಿ ಅಲ್ಲಲ್ಲಿ ಸಂದು ಬೀಳುತ್ತದೆ. ಒಂದೇ ಸಾಲಿನ ಲೋಹಕ್ಕೂ ಇದೇ ಪಾಡು. ಎಲೆಕ್ಟ್ರಾನ್‌ಗಳಿಗೆ ಆ ಸಂದು ದಾಟುವ ತ್ರಾಣ ಇರುವುದಿಲ್ಲ. ಇದರ ಜತೆಗೆ, ಒಂದೇ ಕುರ್ಚಿಗೆ ಬಂದ ಇಬ್ಬರು ಎಲೆಕ್ಟ್ರಾನ್‌ಗಳು ಒಬ್ಬರನ್ನೊಬ್ಬರು ತಳ್ಳುವ ತೊಡಕು ಬೇರೆ. ಆ ತೊಡಕನ್ನು ಲೆಕ್ಕಕ್ಕೆ ತರುವುದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ ಅವರ ಹೆಸರು ಬರುತ್ತದೆ. ಪ್ರಿನ್ಸ್‌ಟನ್‌ನ ಜೋಲ್ಟಾನ್ ಸೂಸ್ ಜತೆಗೂಡಿ ಇಂಥ ಅಣುಗಳ ಸಾಲಿನಲ್ಲಿ ಎಲೆಕ್ಟ್ರಾನ್‌ಗಳ ಪರಸ್ಪರ ತಳ್ಳಾಟವನ್ನು ಬಿಡದೆ ಲೆಕ್ಕ ಹಾಕುವ ದಾರಿಗಳನ್ನು ಅವರು ಬೆಳೆಸಿದರು.

ಹೀಗೆ ಲಿಟಲ್ ಬಯಸಿದ ಒಂದೇ ಎಳೆಯೇ ಎಲ್ಲರ ಕಾಲಿಗೆ ತೊಡಕಾಯಿತು. ಎಳೆಗಳನ್ನು ಪಕ್ಕಪಕ್ಕಕ್ಕೆ ಹೆಣೆಯಬೇಕಿತ್ತು.

*

ಇಲ್ಲೊಂದು ಕವಲುದಾರಿ ಇದೆ. ಹೆಚ್ಚು ಜನರಿಗೆ ಗೊತ್ತಿರುವುದು ಅದೇ ಆದ್ದರಿಂದ ಬೇಗ ದಾಟುತ್ತೇನೆ. ಟೋಕಿಯೋದಲ್ಲಿ ಹಿದೆಕಿ ಶಿರಕಾವ ಅವರ ಪ್ರಯೋಗಾಲಯದಲ್ಲಿ ವೇಗವರ್ಧಕವನ್ನು ಬೇಕಾದ್ದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಹಾಕಿದ ಪ್ರಮಾದದಿಂದ ಪಾಲಿಅಸಿಟಿಲೀನ್ ಬೆಳ್ಳಿಯ ಹಾಳೆಯಂತೆ ಪಾತ್ರೆಯ ಗೋಡೆಗೆ ಅಂಟಿತು. ಅದಕ್ಕೆ ಅಯೋಡಿನ್ ಉಣಿಸಿ 1977ರಲ್ಲಿ ವಾಹಕ ಪ್ಲಾಸ್ಟಿಕ್ ಮಾಡಿದವರು ಶಿರಕಾವ, ಅಲನ್ ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್. ಹೌದು, 1973ರ ಹೀಗರ್ ಅವರೇ. 2000ದಲ್ಲಿ ಮೂವರಿಗೂ ರಸಾಯನದ ನೊಬೆಲ್ ಬಂತು. ಒಮ್ಮೆ ಎಡವಿದವನಿಗೆ ಎರಡನೆಯ ಅವಕಾಶ ಇರಲಿಲ್ಲ ಎಂದು ಈ ರಂಗದ ಮೇಲೆ ಯಾರೂ ದೂರುವಂತಿಲ್ಲ.

*

ಆವರ್ತ ಕೋಷ್ಟಕದಲ್ಲಿ ಗಂಧಕದ ಕೆಳಗಿನ ಮನೆ ಸೆಲೆನಿಯಂನದು. ಗುಣ ಅದೇ, ಮೈ ದೊಡ್ಡದು. ಟಿಟಿಎಫ್‌ನ ನಾಲ್ಕು ಗಂಧಕಗಳ ಜಾಗದಲ್ಲಿ ನಾಲ್ಕು ಸೆಲೆನಿಯಂ ಕೂರಿಸಿದರೆ ಅದರ ಎಲೆಕ್ಟ್ರಾನ್ ಮೋಡ ಪಕ್ಕದ ಅಡಕಿಲಿನ ಮೋಡವನ್ನು ತಾಗಬಹುದು. ವಠಾರದ ಮನೆಗಳಲ್ಲಿ ಗೋಡೆಯಾಚೆಯ ಮಾತು ಕೇಳಿಸುವ ಹಾಗೆ, ಅಡಕಿಲುಗಳ ನಡುವೆ ಅಷ್ಟಿಷ್ಟು ಹೋಗಿಬರುವುದು ಶುರುವಾಗುತ್ತದೆ. ಐಬಿಎಂನ ಎಂಗ್ಲರ್ ಮತ್ತು ಪಟೇಲ್ 1974ರಲ್ಲಿ ಈ ಬದಲಾವಣೆ ಮಾಡಿದಾಗ ಹರಳು ಲೋಹತನ ಕಳೆದುಕೊಳ್ಳುವ ಉಷ್ಣತೆ 54ರಿಂದ 29 ಕೆಲ್ವಿನ್‌ಗೆ ಇಳಿಯಿತು. ಅದೇ ವರ್ಷ ಡೆನ್ಮಾರ್ಕಿನ ಕ್ಲೌಸ್ ಬೆಕ್‌ಗಾರ್ಡ್, ಹಾಪ್ಕಿನ್ಸ್‌ನ ಕೋವನ್ ಮತ್ತು ಬ್ಲಾಕ್ ಜತೆಗೂಡಿ ಸೆಲೆನಿಯಂ ಅಣುವಿನ ನಾಲ್ಕು ಮೂಲೆಗೂ ಮೀಥೈಲ್ ಗುಂಪು ಸಿಕ್ಕಿಸಿದರು. ಹೆಸರು ಟಿಎಂಟಿಎಸ್‌ಎಫ್.

ಕಾಗದದ ಮೇಲೆ ಇದು ಒಂದಕ್ಷರದ ತಿದ್ದುಪಡಿ. ಪ್ರಯೋಗಾಲಯದಲ್ಲಿ ಬೇರೆಯೇ ಕಥೆ. ಸೆಲೆನಿಯಂ ಸಂಯುಕ್ತಗಳಲ್ಲಿ ಹಲವು ಕಡು ವಿಷ. ವಾಸನೆಯಂತೂ ಕೊಳೆತ ಮೂಲಂಗಿಯದು, ಬಟ್ಟೆಗೆ ಹತ್ತಿದರೆ ಬಿಡದು. ಅತಿವಾಹಕದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ದ್ರವ ಹೀಲಿಯಂ, ಒತ್ತಡದ ಕೋಶ, ಇಳಿಯುವ ಗ್ರಾಫ್ ಇಷ್ಟರಿಂದ ಶುರು ಮಾಡುತ್ತಾರೆ. ಅದಕ್ಕೂ ಮುಂಚೆ ಹೊಗೆಗೂಡಿನ ಗಾಜಿನ ಹಿಂದೆ ಮೂಗು ಮುಚ್ಚಿಕೊಂಡು ವಾರಗಟ್ಟಲೆ ದುಡಿದವರ ಪಾಲು ಲೇಖಕರ ಪಟ್ಟಿಯಲ್ಲಿ ಕೊನೆಯ ಹೆಸರಾಗಿ ಉಳಿಯುತ್ತದೆ. ಮೊದಲ ಸಾವಯವ ಅತಿವಾಹಕವನ್ನು ಸಾರಿದ 1980ರ ಪ್ರಸಿದ್ಧ ಲೇಖನದಲ್ಲೂ ಕ್ರಮ ಹಾಗೇ ಇದೆ: ಜೆರೋಮ್, ಮಾಜೋ, ರಿಬೋ, ಬೆಕ್‌ಗಾರ್ಡ್.

ಡೆನಿ ಜೆರೋಮ್ ಪ್ಯಾರಿಸ್ ಪಕ್ಕದ ಓರ್ಸೆಯ ಭೌತವಿಜ್ಞಾನಿ. ಹರಳುಗಳನ್ನು ಹಿಂಡುವುದು ಅವರ ಕಸುಬು. ಹರಳನ್ನು ಎಲ್ಲ ಕಡೆಯಿಂದ ಸಮವಾಗಿ ಒತ್ತಿದರೆ ಅಣುಗಳು ಹತ್ತಿರ ಬರುತ್ತವೆ, ಅಡಕಿಲುಗಳೂ ಹತ್ತಿರ ಬರುತ್ತವೆ, ಪಯರ್ಲ್ಸ್ ಕಾಟ ಕಡಿಮೆಯಾಗಬಹುದು. 1979ರಲ್ಲಿ ಟಿಎಂಟಿಎಸ್‌ಎಫ್‌ಗೆ ಟಿಸಿಎನ್‌ಕ್ಯೂನ ನೆಂಟನೊಬ್ಬನನ್ನು ಜೋಡಿಸಿದ ಹರಳನ್ನು ಹೀಗೆ ಹಿಂಡಿ ನೋಡಿದಾಗ ಅದು ಬಹು ಕೆಳಗಿನ ಉಷ್ಣತೆಯವರೆಗೂ ಲೋಹವಾಗಿಯೇ ಉಳಿಯಿತು. ಕೆಲಸ ಮಾಡುತ್ತಿರುವುದು ಸೆಲೆನಿಯಂ ಅಡಕಿಲು ಎಂಬ ಗುಮಾನಿ ಬಲವಾಯಿತು. ಹಾಗಿದ್ದರೆ ಇಸುಗೈ ಅಡಕಿಲು ಏಕೆ ಬೇಕು? ಅದರ ಬದಲು ಸುಮ್ಮನೆ ಕೂರುವ ಒಂದು ನಿರವಯವ ಅಯಾನನ್ನು ಇಟ್ಟರೆ ಸಾಲದೇ? ಕೋಪನ್‌ಹೇಗನ್‌ನಲ್ಲಿ ಬೆಕ್‌ಗಾರ್ಡ್ ಮಾಡಿದ್ದು ಅದನ್ನೇ.

ಅವರ ವಿಧಾನ ಮೊದಲಲ್ಲಿ ಹೇಳಿದ ಎರಡು ಪಾತ್ರೆಗಳ ಬೆರಕೆಗಿಂತ ತಾಳ್ಮೆ ಬೇಡುವಂಥದು. ಏಣಿಯ ಒಂದು ಮೆಟ್ಟಿಲನ್ನು ಕತ್ತರಿಸಿ ನಿಲ್ಲಿಸಿದಂಥ ಗಾಜಿನ ಪಾತ್ರೆ: ಎರಡು ಕಂಬ, ನಡುವೆ ಒಂದು ಅಡ್ಡ ಕೊಳವೆ, ಕೊಳವೆಯಲ್ಲಿ ರಂಧ್ರಗಳಿರುವ ಗಾಜಿನ ಬಿಲ್ಲೆ. ಒಂದು ಕಂಬದಲ್ಲಿ ಟಿಎಂಟಿಎಸ್‌ಎಫ್, ಎರಡರಲ್ಲೂ ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಅಯಾನಿರುವ ಲವಣ. ಎರಡೂ ಕಡೆ ಪ್ಲಾಟಿನಂ ತಂತಿ ಇಳಿಬಿಟ್ಟು ಕೆಲವೇ ಮೈಕ್ರೋಆಂಪಿಯರ್ ವಿದ್ಯುತ್ ಹಾಯಿಸಬೇಕು. ಆಮೇಲೆ ಅದರ ಹತ್ತಿರ ಯಾರೂ ಬಾಗಿಲು ಧಡಾರನೆ ಹಾಕಬಾರದು, ಮೇಜು ಅಲುಗಬಾರದು. ಕೆಲವು ದಿನ ಕಳೆದು ನೋಡಿದರೆ ಪ್ಲಾಟಿನಂ ತಂತಿಗೆ ಕರಿ ಮೀಸೆ ಬಂದಿರುತ್ತದೆ. ಎರಡು ಟಿಎಂಟಿಎಸ್‌ಎಫ್ ಸೇರಿ ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟು, ಆ ಲೆಕ್ಕಕ್ಕೆ ಒಂದು ಅಯಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳೆದ ಹರಳುಗಳು ಅವು. ಈಗ ಅವನ್ನು ಬೆಕ್‌ಗಾರ್ಡ್ ಲವಣಗಳು ಎಂದೇ ಕರೆಯುತ್ತಾರೆ.

ಆ ಹರಳು ಓರ್ಸೆಗೆ ಹೋಯಿತು. ಸಾಧಾರಣ ಒತ್ತಡದಲ್ಲಿ ಅದೂ 12 ಕೆಲ್ವಿನ್ ಹತ್ತಿರ ಅವಾಹಕವಾಗುತ್ತದೆ, ಈ ಸಲ ಎಲೆಕ್ಟ್ರಾನ್‌ಗಳ ಕಾಂತೀಯ ಜೋಡಣೆಯಿಂದಾಗಿ. ಜೆರೋಮ್ ಗುಂಪು ಅದನ್ನು ಒತ್ತಡದ ಕೋಶಕ್ಕೆ ಹಾಕಿ, ವಾಯುಭಾರದ ಹನ್ನೆರಡು ಸಾವಿರ ಪಟ್ಟು ಒತ್ತಿ, ತಣಿಸುತ್ತ ಹೋಯಿತು. 1979ರ ಡಿಸೆಂಬರ್‌ನಲ್ಲಿ, 0.9 ಕೆಲ್ವಿನ್‌ನಲ್ಲಿ, ರೋಧ ಸೊನ್ನೆಗೆ ಬಿತ್ತು. ಕಾಂತಕ್ಷೇತ್ರ ಹಾಕಿದರೆ ರೋಧ ಮರಳಿ ಬಂತು. ಅತಿವಾಹಕದ ಗುರುತು ಅದೇ. ಲಿಟಲ್ ಕನಸಿದ್ದು ನೂರಾರು ಕೆಲ್ವಿನ್. ಸಿಕ್ಕಿದ್ದು ಒಂದಕ್ಕೂ ಕಡಿಮೆ. ಆದರೂ 1973ರ 60ಕ್ಕಿಂತ ಈ 0.9 ತೂಕದ ಸಂಖ್ಯೆ. ಯಾರು ಬೇಕಾದರೂ ಅಳೆದು ನೋಡಬಹುದಿತ್ತು, ನೋಡಿದವರಿಗೆಲ್ಲ ಅಷ್ಟೇ ಸಿಕ್ಕಿತು.

ಮುಂದಿನ ಹೆಜ್ಜೆ ಒತ್ತಡವಿಲ್ಲದೆ ಅದನ್ನು ಸಾಧಿಸುವುದು. ಹೆಕ್ಸಾಫ್ಲೋರೋಫಾಸ್ಫೇಟಿನ ಜಾಗಕ್ಕೆ ಪರ್‌ಕ್ಲೋರೇಟ್ ಅಯಾನನ್ನು ಕೂರಿಸಿದ ಹರಳು 1981ರಲ್ಲಿ ತೆರೆದ ಗಾಳಿಯ ಒತ್ತಡದಲ್ಲೇ, 1.2 ಕೆಲ್ವಿನ್ ಆಸುಪಾಸಿನಲ್ಲಿ ಅತಿವಾಹಕವಾಯಿತು. ಇದರಲ್ಲೊಂದು ಚೆಂದದ ತಕರಾರಿದೆ. ಪರ್‌ಕ್ಲೋರೇಟಿಗೆ ನಾಲ್ಕು ಮೂಲೆ. ಹರಳಿನೊಳಗೆ ಅದು ಎರಡು ಕಡೆಗೆ ಮುಖ ಮಾಡಿ ಕೂರಬಹುದು. 24 ಕೆಲ್ವಿನ್ ದಾಟುವಾಗ ಅವೆಲ್ಲ ಸರದಿಯ ಪ್ರಕಾರ ಮುಖ ತಿರುಗಿಸಿಕೊಳ್ಳಲು ಸಮಯ ಬೇಡುತ್ತವೆ. ನಿಧಾನವಾಗಿ ತಣಿಸಿದರೆ ಅತಿವಾಹಕ. ಅವಸರಪಟ್ಟು ತಣಿಸಿದರೆ ಅದೇ ಹರಳು, ಅದೇ ತಂತಿಗಳು, ಆದರೆ ಫಲಿತಾಂಶ ಅವಾಹಕ. ಒಂದೇ ಅಕ್ಕಿಯಲ್ಲಿ ಒಬ್ಬರು ಅನ್ನ ಮಾಡಿದರೆ ಉದುರು, ಇನ್ನೊಬ್ಬರು ಮಾಡಿದರೆ ಮುದ್ದೆ.

*

ಎಂಬತ್ತರ ದಶಕ ಪೂರ್ತಿ ಈ ಉಷ್ಣತೆಯನ್ನು ಏರಿಸುವ ಓಟದ ಪಂದ್ಯ. ಅಣು ಮತ್ತೆ ಗಂಧಕದ್ದೇ, ಈ ಸಲ ಎಂಟು ಗಂಧಕಗಳಿರುವ ದೊಡ್ಡ ಅಣು. ರಸಾಯನ ವಿಜ್ಞಾನಿಗಳ ಬಾಯಲ್ಲಿ ಬರೀ ‘ಇಟಿ’. ಅಂಚಿನಲ್ಲಿರುವ ಗಂಧಕಗಳು ಪಕ್ಕದ ಅಣುವನ್ನು ಅಡ್ಡಡ್ಡಕ್ಕೆ ತಾಗುವುದರಿಂದ ಹರಳು ಎಳೆಯಾಗದೆ ಹಾಳೆಯಾಗುತ್ತದೆ. ಟೋಕಿಯೋದ ಗುಂಜಿ ಸೈಟೊ, ಷಿಕಾಗೋ ಹತ್ತಿರದ ಆರ್ಗಾನ್ ಪ್ರಯೋಗಾಲಯದ ಜ್ಯಾಕ್ ವಿಲಿಯಮ್ಸ್, ಮಾಸ್ಕೋ ಸಮೀಪದ ಚೆರ್ನೊಗೊಲೊವ್ಕದ ಯಗೂಬ್‌ಸ್ಕಿ, ಕ್ಯಾಲಿಫೋರ್ನಿಯಾದಲ್ಲಿ ಐಬಿಎಂ ಗುಂಪು. ಶೀತಲ ಸಮರದ ಎರಡೂ ಬದಿಯವರು ಒಂದೇ ಹರಳಿನ ಹಿಂದೆ ಬಿದ್ದಿದ್ದರು. 1984ರಲ್ಲಿ ಚೆರ್ನೊಗೊಲೊವ್ಕದ ಅಯೋಡಿನ್ ಲವಣ 1.5 ಕೆಲ್ವಿನ್ ಸುತ್ತಮುತ್ತ. ಆರ್ಗಾನ್‌ನವರು ಅಯಾನು ಬದಲಿಸಿ 5ರ ಹತ್ತಿರ ತಂದರು. 1988ರಲ್ಲಿ ಸೈಟೊ ಗುಂಪಿನ ತಾಮ್ರ ಥಯೋಸಯನೇಟ್ ಲವಣ 10.4 ತಲುಪಿತು. 1990ರಲ್ಲಿ ಆರ್ಗಾನ್‌ನ ಇನ್ನೊಂದು ಲವಣ 11.6; ಅದರ ಕ್ಲೋರಿನ್ ರೂಪಕ್ಕೆ ತುಸು ಒತ್ತಡ ಕೊಟ್ಟಾಗ 12.8. ಒಂದು ದಶಕದಲ್ಲಿ 0.9ರಿಂದ 12.8, ಅಂದರೆ ಹದಿನಾಲ್ಕು ಪಟ್ಟು.

ದುರಾದೃಷ್ಟವೆಂದರೆ ಈ ಪಂದ್ಯ ಮುಗಿಯುವ ಮೊದಲೇ ಪ್ರೇಕ್ಷಕರು ಎದ್ದು ಹೋಗಿದ್ದರು. 1986ರಲ್ಲಿ ಬೆಡ್‌ನಾರ್ಟ್ಸ್ ಮತ್ತು ಮ್ಯುಲರ್ ತಾಮ್ರದ ಆಕ್ಸೈಡುಗಳಲ್ಲಿ ಅತಿವಾಹಕತೆ ಕಂಡರು. 1987ರಲ್ಲಿ ಅದು ದ್ರವ ಸಾರಜನಕದ ಉಷ್ಣತೆಯನ್ನೂ ದಾಟಿ 90 ಕೆಲ್ವಿನ್ ಮೀರಿತು. ಗಾರೆಯ ಬಿಲ್ಲೆಯಂಥ ಆ ಕರಿ ಪಿಂಗಾಣಿಯನ್ನು ಕಾಲೇಜು ಪ್ರಯೋಗಾಲಯದಲ್ಲೂ ಸುಟ್ಟು ಮಾಡಬಹುದಿತ್ತು. ಮುಖಪುಟ, ಹಣ, ಹುಡುಗರು ಎಲ್ಲ ಅತ್ತ ಸರಿದರು. 1991ರಲ್ಲಿ ಫುಟ್‌ಬಾಲಿನಂಥ ಇಂಗಾಲ–60 ಅಣುಗಳ ನಡುವೆ ಪೊಟ್ಯಾಸಿಯಂ ತುಂಬಿ ಬೆಲ್ ಲ್ಯಾಬ್ಸ್‌ನವರು 18 ಕೆಲ್ವಿನ್‌ನಲ್ಲಿ ಅತಿವಾಹಕತೆ ತೋರಿಸಿದಾಗ ಸಾವಯವದ ಕಡೆಗೆ ಮತ್ತೊಮ್ಮೆ ಕಣ್ಣು ಹರಿಯಿತು. ರುಬಿಡಿಯಂ, ಸೀಸಿಯಂ ಸೇರಿಸಿ 33ರವರೆಗೂ ಏರಿಸಿದರು.

ಅದೇ ಬೆಲ್ ಲ್ಯಾಬ್ಸ್‌ನಲ್ಲಿ 2000ದ ಸುಮಾರಿಗೆ ಯಾನ್ ಹೆಂಡ್ರಿಕ್ ಶೋನ್ ಎಂಬ ಯುವಕ ಸಾವಯವ ಹರಳುಗಳ ಮೇಲೆ ಬರೀ ವೋಲ್ಟೇಜು ಹಾಕಿ ಅತಿವಾಹಕತೆ ಬರಿಸಿದ್ದೇನೆ ಎಂದು ಸಾಲುಸಾಲಾಗಿ ಲೇಖನ ಬರೆದ. ಇಂಗಾಲ–60ರಲ್ಲಿ ಮೊದಲು 52 ಕೆಲ್ವಿನ್, ಮರುವರ್ಷ 117. ಬೇರೆ ಯಾರ ಕೈಗೂ ಅದು ದಕ್ಕಲಿಲ್ಲ. ಬೇರೆ ಬೇರೆ ಪದಾರ್ಥಗಳ ಗ್ರಾಫ್‌ಗಳಲ್ಲಿ ಗದ್ದಲದ ಗೆರೆ ಕೂಡ ಒಂದೇ ತರಹ ಇದೆ ಎಂದು ಯಾರೋ ಗಮನಿಸಿದ ಮೇಲೆ ಸ್ಟ್ಯಾನ್‌ಫರ್ಡ್‌ನ ಮಾಲ್ಕಂ ಬೀಸ್ಲಿ ಅಧ್ಯಕ್ಷತೆಯ ಸಮಿತಿ ಕೂತಿತು. 2002ರ ಸೆಪ್ಟೆಂಬರ್‌ನಲ್ಲಿ ಬಂದ ವರದಿ, 24 ಆರೋಪಗಳಲ್ಲಿ 16ರಲ್ಲಿ ವಂಚನೆ ಇದೆ ಎಂದಿತು. 1974ರಲ್ಲಿ ಬೆಲ್ ಲ್ಯಾಬ್ಸ್ ಹೆಸರಿನಲ್ಲೇ ಬೇರೆಯವರ ಗ್ರಾಫಿನ ಬೆಟ್ಟವನ್ನು ಕರಗಿಸಿದ್ದ ಲೇಖನವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಪೆನ್ಸಿಲ್ವೇನಿಯಾದವರು ತಪ್ಪಿದ್ದರು, ವಂಚಿಸಿರಲಿಲ್ಲ. ಅವರು ಬೆಳೆದಂಥ ಹರಳನ್ನು ಇನ್ನೊಬ್ಬರೂ ಬೆಳೆದು ಅಳೆಯಬಹುದಿತ್ತು. ಶೋನ್‌ನ ಹರಳನ್ನು ಅಳೆಯಲು ಯಾರಿಗೂ ಸಿಕ್ಕಿದ್ದೇ ಇಲ್ಲ.

ವೂಡ್ಲ್ ಅಷ್ಟರಲ್ಲಿ ಅತಿವಾಹಕದ ಆಸೆಯಿಂದ ಬಹಳ ದೂರ ಬಂದಿದ್ದರು. ಸಾಂಟಾ ಬಾರ್ಬರಾದಲ್ಲಿ ಹೀಗರ್ ಅವರೊಡನೆಯೇ ಕೆಲಸ. ಒಂದು ಕಾಲಕ್ಕೆ ಯಾರ ಅಳತೆಯನ್ನು ತಪ್ಪೆಂದು ತೋರಿಸಿದ್ದರೋ ಅವರ ಜತೆಗೇ. 1995ರಲ್ಲಿ ಅವರ ಬಳಗ ಇಂಗಾಲ–60ಕ್ಕೆ ಬಾಲ ಹಚ್ಚಿ ದ್ರಾವಕದಲ್ಲಿ ಕರಗುವಂತೆ ಮಾಡಿದ ಅಣು ಪ್ಲಾಸ್ಟಿಕ್ ಸೌರಕೋಶಗಳಲ್ಲಿ ಎಲ್ಲೆಡೆ ಬಳಕೆಗೆ ಬಂತು.

ಕಪ್ಪು ಸೂಜಿಗಳನ್ನು ಬೆಳೆಸುವವರು ಈಗಲೂ ಇದ್ದಾರೆ. ಏಣಿಮೆಟ್ಟಿಲಿನ ಅದೇ ಪಾತ್ರೆ, ಅದೇ ಕೆಲವು ಮೈಕ್ರೋಆಂಪಿಯರ್. ವಾರ ಕಾದು, ಒಳ್ಳೆಯದೊಂದನ್ನು ಆರಿಸಿ, ನಾಲ್ಕು ಚುಕ್ಕೆ ಹಚ್ಚಿ, ಕೋಶದಲ್ಲಿಟ್ಟು ಇಳಿಸುತ್ತಾರೆ. 200 ಕೆಲ್ವಿನ್, 150, 100. ಗೆರೆ ನುಣ್ಣಗೆ ಕೆಳಗಿಳಿಯುತ್ತಿರುತ್ತದೆ. ಒಮ್ಮೆಲೇ ಗೆರೆ ಮೇಲಕ್ಕೆ ಹಾರುತ್ತದೆ. ಕುಗ್ಗುವ ಭರದಲ್ಲಿ ಹರಳು ಒಳಗೇ ಬಿರುಕು ಬಿಟ್ಟಿದೆ. ಕೋಶವನ್ನು ಮೇಲೆತ್ತಿ, ಬೆಚ್ಚಗಾಗಲು ಬಿಟ್ಟು, ಪ್ಲಾಟಿನಂ ತಂತಿಯಲ್ಲಿ ಉಳಿದ ಮೀಸೆಯಿಂದ ಇನ್ನೊಂದು ಎಳೆಯನ್ನು ಚಿಮಟದಲ್ಲಿ ಮೆಲ್ಲಗೆ ಕಿತ್ತುಕೊಳ್ಳುತ್ತಾರೆ.